ಪುಕ್ಕಟೆ ಕೊತ್ತಂಬರಿ

ಗೆಳೆಯರೇ, ಇವತ್ತು ದ್ವಾರಕಾದ ನಮ್ಮ ಶಾಲೆಯಲ್ಲಿ ಎರಡನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಮಾತಾಡಿಸೋಣವೆಂದು ತರಕಾರಿ ಅಂಗಡಿಯ ಆಟ ಆಡಿಸಿದೆ. ಬದನೆಕಾಯಿ, ಆಲೂಗಡ್ಡೆ, ಒಂದು ಕಟ್ಟು ಕೊತ್ತಂಬರಿ ಎಲ್ಲವನ್ನೂ ಮನೆಯಿಂದಲೇ ಹೊತ್ತೊಯ್ದಿದ್ದೆ. ಗಿರಾಕಿಯಾಗಿದ್ದ ಪುಟ್ಟ ನೇಹಾ ಒಂದು ಬದನೆಕಾಯಿ ಕೊಂಡು, ಸೊಂಟದ ಮೇಲೆ ಕೈಯಿಟ್ಟು, "ಭಯ್ಯಾ, ಧನಿಯಾ ತೋ ಫ್ರೀ ಮೇ ದೋ!" ಎಂದು ಕೊತ್ತಂಬರಿಯನ್ನು ಪುಕ್ಕಟೆ ಕೇಳುತ್ತಾ ಜಗಳಕ್ಕೇ ನಿಂತಳು. ಇಡೀ ಕ್ಲಾಸು ಅವಳ ಪರ ಕೂಗುತ್ತಿತ್ತು.

"ಇಂಗ್ಲಿಷ್ ಮೇ ಬೋಲೋ, ಬೇಟಾ" ಎಂದೆ, ಇಂಗ್ಲಿಷಿನಲ್ಲಿ ಹೇಳು ಮಗು ಅಂತ.

ಅಷ್ಟೇ. ನೇಹಾ ಬದನೆಕಾಯಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೋಗಿ ಕೂತಳು. ಅಂಗಡಿಯವನಾಗಿದ್ದ ಹುಡುಗನೂ ಕೂತ. ಎಲ್ಲರೂ ಗಪ್‌ಚುಪ್.

ಆಗಲೇ ಬಾಗಿಲಲ್ಲಿ ಇಣುಕಿದ ಪ್ರಿನ್ಸಿಪಾಲರು, "ಅರೇ ವಾಹ್ ಮೇಡಂ, ಕ್ಯಾ ಡಿಸಿಪ್ಲಿನ್ ಹೈ!" ಎಂದು ಕ್ಲಾಸಿನ ಶಿಸ್ತನ್ನು ಮೆಚ್ಚಿಕೊಂಡರು. ನಾಳೆ ಬೇರೆ ಟೀಚರುಗಳೂ ನನ್ನ ಕ್ಲಾಸು ನೋಡಿ ಕಲಿಯಬೇಕಂತೆ.

ಬರಲಿ ಬಿಡಿ. ಮಕ್ಕಳ ಬಾಯಿ ಮುಚ್ಚಿಸುವಷ್ಟು ಇಂಗ್ಲಿಷ್ ನನಗೆ ಚೆನ್ನಾಗಿಯೇ ಬರುತ್ತದೆ.