ತಣ್ಣೀರಿನ ದಿನ ಎತ್ತಿದ ಕೂಳಿ

ಮಹಾರಾಜರ ಕಾಲದ ಒಂದು ಆಷಾಢ, ಬುಧವಾರ, ಬೆಳಗಿನ ಎಂಟು ಗಂಟೆ. ಹುಣಸೂರಿನ ಹೊಳೆದಡದ ನಮ್ಮ ಮನೆಯಲ್ಲಿ ಅಪ್ಪ, ಹಾಸಿಗೆ ಹಿಡಿದ ಅಜ್ಜಿ ಮತ್ತು ನಾನು ಇದ್ದೆವು. ಮೂರು ದಿನದಿಂದ ಗಂಜಿಯನ್ನೂ ಮುಟ್ಟದ ಅಜ್ಜಿ, ಹೊಸ ನೀರಿಗೆ ಹತ್ತಿ ಬರುವ ಮೀನಿನ ಸಾರು ಕೇಳಿದ್ದಳು. ಮೀನು ಹಿಡಿಯಲು ಹೊಳೆಯ ಕಟ್ಟೆಯ ಬಳಿ ಇಟ್ಟಿದ್ದ ಬಿದಿರಿನ ಕೂಳಿಯನ್ನು ಅಪ್ಪ ಎಂದಿನಂತೆ ಏಳಕ್ಕೆ ಸರಿಯಾಗಿ ಎತ್ತಿ ತಂದಿದ್ದರು. ಒಂದು ಮೀನೂ ಬಿದ್ದಿರಲಿಲ್ಲ.

ಅಜ್ಜಿ ಚೊಂಬಿನಲ್ಲಿ ಹೊಳೆನೀರು ತರಿಸಿ ಬೆರಳು ಅದ್ದಿದಳು. “ಕೊಡಗಿನ ಮಳೆ ನೀರು, ಕೊರೀತದೆ. ಮೀನು ಕಲ್ಲಡೀಲಿ ಮುದುರ್ಕಂಡವೆ. ಬಿಸ್ಲಿಗೆ ನೀರು ಬೆಚ್ಚಗಾದ್ಮೇಲೆ ಕಟ್ಟೆ ಅತ್ತುತ್ತವೆ. ಮತ್ತೆ ಇಡು ಕಣ್ಲಾ.”

“ಒತ್ತಾಯ್ತು ಕಣವ್ವ, ಒಲಕ್ಕೋಗ್ಬೇಕು. ಕೂಳಿ ನಾಳೆ.”

“ಗಡಿಯಾರ ನೋಡ್ಕಂಡು ಕಟ್ಟೆ ಅತ್ತಕ್ಕೆ ಮೀನೇನು ಇಸ್ಕೂಲಿಗೋಯ್ತವಾ?”

ಅಪ್ಪ ನಗದೆ ಹೊರಟರು. ಮಧ್ಯಾಹ್ನ ಹೊಲದಿಂದ ಬರುವಾಗ ಮೀನು ಕಟ್ಟೆ ಹಾರುವುದನ್ನು ಕಂಡು, ಉಣ್ಣದೆಯೇ ಕೂಳಿ ಹೊತ್ತು ಓಡಿದರು. ಸ್ವಲ್ಪ ಹೊತ್ತಿಗೆ ಅದು ತುಂಬಿತು. ಅವರು ಮನೆ ಸೇರುವಷ್ಟರಲ್ಲಿ ಅಜ್ಜಿಯ ಉಸಿರು ನಿಂತಿತ್ತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮೀನುಗಳನ್ನು ನಾನು ಬಾನಿಯ ನೀರಿಗೆ ಬಿಟ್ಟಿದ್ದೆ. ಮಣ್ಣು ಮಾಡಿ ಬಂದ ಮೇಲೆ ಅಪ್ಪ ಅವನ್ನು ಹೊತ್ತೊಯ್ದು ಕಟ್ಟೆಯ ಮೇಲ್ಗಡೆ ಬಿಟ್ಟರು. ಆಮೇಲೆ ಕೂಳಿ ತೊಳೆದು ಗೂಟಕ್ಕೆ ನೇತುಹಾಕಿದರು.