ಅವ್ವನ ಸೀರೆಯ ವಾಸನೆ

ಹಣೆಯ ನಡುವಿನಿಂದ ಬೈತಲೆಯೊಳಕ್ಕೆ ಏರಿಹೋದ ಹೊಲಿಗೆಯ ಗೆರೆ, ಅದರ ಅಕ್ಕಪಕ್ಕ ಕೂದಲು ಹುಟ್ಟದ ಬೆರಳಗಲ ಜಾಗ. ನಂಜನಗೂಡಿನ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಮೇಡಂ ಅದನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. ಬಸ್ಸು ಪಲ್ಟಿಯಾದಾಗ ಆದದ್ದು ಎಂದು ಕೇಳಿದವರಿಗೆ ಹೇಳುತ್ತಿದ್ದರು. ಊರು ಸೋಸಲೆ, ಮದುವೆಯಾಗಿರಲಿಲ್ಲ, ಬಾಡಿಗೆ ಕೋಣೆಯಲ್ಲಿ ಒಬ್ಬರೇ. ಉಳಿದವರು ಸ್ಟಾಫ್ ರೂಮಿನಲ್ಲಿ ಡಬ್ಬಿ ಹಂಚಿಕೊಂಡು ಉಣ್ಣುವಾಗ ಇವರು ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂತು ಅನ್ನವನ್ನು ಔಷಧಿಯಂತೆ ನುಂಗುತ್ತಿದ್ದರು. "ಊಟ ಆಯ್ತಾ ಮೇಡಂ?" ಎಂದರೆ "ಮುಗೀತು" ಎನ್ನುವರು.

ತೊಂಬತ್ತರ ದಶಕದ ಕೊನೆಯಲ್ಲಿ, ವಾಸನೆಯ ಪಾಠದ ದಿನ, ಅವರು ಬಟ್ಟೆ ಮುಚ್ಚಿದ ಎರಡು ಬಟ್ಟಲು ತಂದರು. ಮೇಜಿನ ಬಲಗಡೆ ಇಟ್ಟದ್ದರಲ್ಲಿ ರಸಬಾಳೆಯ ಚೂರು, ಎಡಗಡೆಯದರಲ್ಲಿ ಪುಟ್ಟಬಾಳೆಯದು.

"ಒಂದು ವಾಸನೆ ಬಂತು ಅಂದ್ರೆ ಮಿದುಳಲ್ಲಿ ಬೇಕಾದ್ದು, ಬೇಡದ್ದು ಎಷ್ಟೋ ಕೋಶಗಳು ಒಟ್ಟಿಗೇ ಕೂಗ್ತವೆ. ಆಗ ಕೆಲವು ಕೋಶಗಳು ಉಳಿದವನ್ನ 'ನೀನು ಸುಮ್ನಿರು' ಅಂತ ಅಡಗಿಸ್ತವೆ. ಆ ತಡೆಯೋ ಕೋಶಗಳಿಗೆ ಮದ್ದು ಹಾಕಿ ನಿಲ್ಲಿಸಿದ್ರೆ ಜೇನುಹುಳಕ್ಕೆ ತೀರಾ ಬೇರೆ ಬೇರೆ ವಾಸನೆ ಆಗ್ಲೂ ತಿಳಿಯುತ್ತೆ. ಒಂದರ ಹಾಗೆ ಇನ್ನೊಂದಿರೋವು ಮಾತ್ರ ಕಲಸಿಹೋಗ್ತವೆ."

ಸೀಮೆಸುಣ್ಣ ತರಲು ಅವರು ಹೊರಗೆ ಹೋದಾಗ ನಾನು ಬಟ್ಟಲುಗಳ ಜಾಗ ಬದಲಿಸಿದೆ. ಬರೀ ತುಂಟತನ. ಬಂದವರು ಬಲಗಡೆಯ ಬಟ್ಟಲನ್ನು ಮೂಗಿಗೆ ಹಿಡಿದು, "ಆಹಾ, ರಸಬಾಳೆ!" ಎಂದು ಮುಂದಿನ ಬೆಂಚಿಗೆ ಕೊಟ್ಟರು.

"ಪುಟ್ಟಬಾಳೆ ಅಲ್ವಾ ಮೇಡಂ ಇದು?" ಎಂದಳು ಆ ಬೆಂಚಿನ ಒಬ್ಬಳು.

ತರಗತಿ ಗೊಳ್ಳೆಂದಿತು. ಅವರೂ ನಕ್ಕು, "ನೆಗಡಿ" ಎಂದರು. ಆದರೆ ಮುಖ ಬಿಳಿಚಿಕೊಂಡಿತ್ತು.

ಸಂಜೆ ತಪ್ಪೊಪ್ಪಿಕೊಳ್ಳಲು ಅವರ ಕೋಣೆಗೆ ಹೋದೆ. ಬೈಯಲಿಲ್ಲ.

"ನೆಗಡಿ ಅಲ್ಲ ಕಣಮ್ಮ. ಆ ಬಸ್ಸು ಬಿದ್ದಾಗಿನಿಂದ ನಂಗೆ ಯಾವ ವಾಸನೇನೂ ಬರಲ್ಲ. ಯಾರಿಗೂ ಹೇಳ್ಬೇಡ."

ಆಮೇಲೆ ಮಂಚದ ಕೆಳಗಿನ ಟ್ರಂಕಿನಿಂದ ಒಂದು ನೂಲಿನ ಸೀರೆ ತೆಗೆದು ನನ್ನ ಕೈಗಿಟ್ಟರು. ತೀರಿಹೋದ ಅವರ ಅವ್ವನದು, ಒಗೆಯದೆ ಇಟ್ಟಿದ್ದರು.

"ಏನು ವಾಸನೆ ಹೇಳು."

"ಹಳೇ ಬಟ್ಟೇದು ಮೇಡಂ."

"ಅದು ಎಲ್ಲಾ ಹಳೇ ಬಟ್ಟೇಲೂ ಇರುತ್ತೆ. ಅದನ್ನ ಸುಮ್ಮನಿರಿಸು. ಆಮೇಲೆ?"

"ನುಸಿಗುಳಿಗೆ."

"ಅದನ್ನೂ ಸುಮ್ಮನಿರಿಸು."

ಕಣ್ಣು ಮುಚ್ಚಿದೆ. ತುಂಬ ಹೊತ್ತಿನ ಮೇಲೆ ಸೌದೆಯ ಹೊಗೆ ಸಿಕ್ಕಿತು. ಆಮೇಲೆ ಹರಳೆಣ್ಣೆ. ಕೊನೆಗೆ, ಸೆರಗಿನ ತುದಿಯಲ್ಲಿ, ಎಲೆಅಡಿಕೆ. ಅದನ್ನು ಹೇಳಿದಾಗ ಮೇಡಂ ಗೋಡೆಯ ಕಡೆ ತಿರುಗಿ ಕೂತರು.

ಅಂದಿನಿಂದ ಪ್ರತಿ ಭಾನುವಾರ ಹೋಗುತ್ತಿದ್ದೆ. ಹಾಲು ಕೆಟ್ಟಿದೆಯೇ, ಗ್ಯಾಸು ಸೋರುತ್ತಿದೆಯೇ ನೋಡುತ್ತಿದ್ದೆ. ಒಂದು ಸಲ ಅವರು ನನ್ನ ಮುಖ ನೋಡದೆ, "ನನ್ನ ಮೈ ವಾಸನೆ ಬರುತ್ತಾ? ಅದೊಂದು ಭಯಕ್ಕೇ ನಾನು ಯಾರ ಪಕ್ಕಾನೂ ಕೂರಲ್ಲ" ಎಂದರು.

ಮುಂದೆ ಅವರಿಗೆ ತಿ. ನರಸೀಪುರಕ್ಕೆ ವರ್ಗವಾಯಿತು. ನಾನು ತಗಡೂರಿನಲ್ಲಿ ಟೀಚರಾದೆ, ಮದುವೆಯಾದೆ. ಭಾನುವಾರಗಳು ತಿಂಗಳಿಗೊಂದಾದವು, ಆಮೇಲೆ ಹಬ್ಬಕ್ಕೊಂದು. "ನಿಂಗೆ ಬಿಡುವಾದಾಗ ಬಾಮ್ಮ" ಎಂದು ಫೋನಿನಲ್ಲಿ ಹೇಳುತ್ತಿದ್ದರು. ಬಿಡುವಾಗಲಿಲ್ಲ. ಎರಡು ಸಾವಿರದ ಏಳರಲ್ಲಿ ಹೃದಯ ನಿಂತು ತೀರಿಹೋದರು. ಕಾಲೇಜಿಗೆ ಬರಲಿಲ್ಲವೆಂದು ಜವಾನ ಹೋಗಿ ಬಾಗಿಲು ತಟ್ಟಿದ ಮೇಲೆಯೇ ಗೊತ್ತಾದದ್ದು.

ಮಣ್ಣು ಮಾಡಿ ಬಂದ ಮೇಲೆ ಸೋಸಲೆಯ ಅವರ ತಮ್ಮ ನನ್ನ ಪಕ್ಕ ಕೂತರು. ಹೊಲ, ಹಸು ನೋಡಿಕೊಂಡಿದ್ದವರು.

"ತಿಂಗ್ಳು ತಿಂಗ್ಳೂ ತುಪ್ಪ ತಂದ್ಕೊಡ್ತಿದ್ದೆ ಕಣವ್ವ. ಮೂಗಿನ್ ತಾವ ಇಡ್ಕೊಂಡು, 'ಅವ್ವ ಕಾಯಿಸ್ದಂಗೇ ಘಮ್ ಅಂತದೆ ಕಣ್ಲಾ' ಅನ್ನೋಳು ನಮ್ಮಕ್ಕ. ಆ ಒಂದ್ ಮಾತ್ ಕೇಳಕ್ಕೇ ಬತ್ತಿದ್ದೆ. ನಿಮ್ ತಾವೂ ಏಳಿದ್ಲಾ?"

ಅವರ ಕೈಯ ಮೇಲೆ ಕೈಯಿಟ್ಟು, "ಯಾವಾಗ್ಲೂ ಹೇಳ್ತಿದ್ರು" ಎಂದೆ.