ಜರಡಿಯ ಏಳನೇ ಕಂತು

ಕ್ಲಾಸ್ ಶುರುವಾದದ್ದು ಜುಲೈ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂಕಾಲಿಗೆ. ಹತ್ತಕ್ಕೆ ಅಂತ ಹೇಳಿದ್ದರು. ಬೀಗದ ಕೈ ತರುವವರು ತಡ ಮಾಡಿದರು. ನಿಟ್ಟುವಳ್ಳಿಯಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ, ಎರಡು ಜಮಖಾನೆ, ಒಂದು ಫ್ಯಾನು, ಹದಿಮೂರು ಜನ. ಇದೆಲ್ಲ ನನ್ನ ದಿನಚರಿಯಲ್ಲಿದೆ. ದಿನಾಂಕ, ಹೊತ್ತು, ಎಷ್ಟು ಜನ ಅಂತ ಬರೆದಿಡುವ ಚಟ ನನಗೆ ಹೈಸ್ಕೂಲಿನಿಂದಲೂ ಇದೆ. ಅಮ್ಮ ನನ್ನನ್ನು "ನಮ್ಮನಿ ಶ್ಯಾನುಭೋಗ" ಅನ್ನುತ್ತಾಳೆ.

ಹುಡುಗ ಹುಡುಗಿಯರಿಗೆ ಬರೆಯುವುದನ್ನು ಕಲಿಸುವ ಸಂಸ್ಥೆ ಅದು. ಫೀಸಿಲ್ಲ. ನಡೆಸುತ್ತಿದ್ದ ಮೇಡಂ ಕಾಲೇಜಿನಲ್ಲಿ ಪಾಠ ಮಾಡಿ ಬಿಟ್ಟವರು, ದನಿ ಏರಿಸದೆ ಮಾತಾಡುವವರು. ಮೊದಲ ದಿನವೇ ನಿಯಮ ಹೇಳಿದರು. ಹಾಳೆಯ ಮೇಲೆ ಹೆಸರು ಬರೆಯಬಾರದು. ಅಡುಗೆಮನೆಯ ಯಾವುದಾದರೂ ಒಂದು ವಸ್ತುವಿನ ಚಿತ್ರ ಬಿಡಿಸಬೇಕು, ಅದೇ ಗುರುತು. ಮನೆಯಲ್ಲಿ ಹೇಳದೆ ಬರುವ ಹುಡುಗಿಯರಿದ್ದರು, ಅದಕ್ಕೇ ಹಾಜರಿಯಲ್ಲೂ ತಲೆ ಎಣಿಕೆ ಮಾತ್ರ. ಹರಿಹರದಲ್ಲಿ ಸಂಸ್ಥೆಯ ಇನ್ನೊಂದು ಕೋಣೆ ಇತ್ತು. ನಾವು ಬರೆದದ್ದನ್ನು ಅಲ್ಲಿಯವರು ಓದುತ್ತಾರೆ, ಅವರದ್ದನ್ನು ನಾವು. ಕೊನೆಯ ನಿಯಮವನ್ನು ಮೇಡಂ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದರು: ಓದಿದವರು ತಿದ್ದುವಂತಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಕೇಳಬಹುದು, ಅಷ್ಟೇ.

"ಒಂದಕ್ಷರಾನೂ ತಿದ್ದಂಗಿಲ್ಲೇನ್ರಿ ಮೇಡಂ?" ಹಿಂದಿನಿಂದ ಯಾರೋ ಕೇಳಿದರು.

"ಒಂದಕ್ಷರಾನೂ ಇಲ್ಲ. ಇನ್ನೊಬ್ಬರ ಬರಹ ಅಂದ್ರೆ ಇನ್ನೊಬ್ಬರ ಮನೆ ಇದ್ದಂಗೆ. ಬಾಗಿಲಲ್ಲಿ ನಿಂತು ಕೇಳಬೇಕು, ಒಳಗೆ ನುಗ್ಗಬಾರದು."

ಆ ಮಾತು ಎಷ್ಟು ಹಿಡಿಸಿತೆಂದರೆ ಹಾಗೇ ಬರೆದುಕೊಂಡೆ. ಈಗ ಆ ಪುಟ ತೆಗೆದರೆ ನಗು ಬರುತ್ತದೆ, ಒಳ್ಳೆಯ ನಗುವಲ್ಲ.

ನಾನು ಇಕ್ಕಳ ಬಿಡಿಸಿದೆ. "ಬ್ಯಾರೆ ಏನೂ ಸಿಗ್ಲಿಲ್ಲೇನೋ ನಿಂಗೆ? ಒಂದು ಸೌಟಾದ್ರೂ ಬಿಡಿಸಬಾರದಾ?" ಅಂದಳು ಅಮ್ಮ.

ಹಾಳೆಗಳ ಕಟ್ಟನ್ನು ಒಯ್ಯುತ್ತಿದ್ದವನು ಹರಿಹರದಿಂದ ದಾವಣಗೆರೆಗೆ ಡಿಗ್ರಿ ಓದಲು ಬಂದುಹೋಗುತ್ತಿದ್ದ ಒಬ್ಬ ಸ್ವಯಂಸೇವಕ. ನಾವೆಲ್ಲ ಅವನನ್ನು ಅಣ್ಣ ಅನ್ನುತ್ತಿದ್ದೆವು. ಒಂದು ಭಾನುವಾರ ಕಟ್ಟು ಬಸ್ಸಿನಲ್ಲಿ ಹೋದರೆ ಮತ್ತೆರಡು ವಾರಕ್ಕೆ ಬರುತ್ತಿತ್ತು. ಯಾರಿಗೆ ಯಾರು ಜೋಡಿ ಅಂತ ಚೀಟಿ ಎತ್ತಿದ್ದರು, ಜೋಡಿಯವರು ಒಬ್ಬರದ್ದನ್ನೊಬ್ಬರು ಓದಬೇಕು. ನನಗೆ ಬಂದದ್ದು ಜರಡಿ. ಬರೆದವರು ತಮಗೆ ಬಂದ ಪ್ರಶ್ನೆಗಳನ್ನು ನೋಡಿಕೊಂಡ ಮೇಲೆ ಹಾಳೆಗಳು ಸಂಸ್ಥೆಯ ಕಪಾಟು ಸೇರುತ್ತಿದ್ದವು. ಅಲ್ಲಿ ಜೋಪಾನವಾಗಿರುತ್ತವೆ ಅಂದಿದ್ದರು ಮೇಡಂ.

ನನ್ನ ಮೊದಲ ಬರಹ ಅಪ್ಪನ ಬಗ್ಗೆ. ಅಪ್ಪ ಗೂಡ್ಸ್ ಆಟೊ ಓಡಿಸುತ್ತಾನೆ. ಬಾಡಿಗೆ ಸಿಗದ ದಿನ ಅವನಿಗೆ ಬಹಳ ದುಃಖವಾಗುತ್ತದೆ ಅಂತ ಎರಡು ಪುಟದಲ್ಲಿ ನಾಲ್ಕು ಕಡೆ ಬರೆದಿದ್ದೆ. ಹರಿಹರದಿಂದ ಹಾಳೆ ತಿರುಗಿ ಬಂದಾಗ ಅಂಚಿನಲ್ಲಿ ಸಣ್ಣ ದುಂಡಕ್ಷರದ ಒಂದೇ ಪ್ರಶ್ನೆ: 'ದುಃಖ ಆದಾಗ ನಿಮ್ಮಪ್ಪ ಏನು ಮಾಡ್ತಾರೆ?' ಕೆಳಗೆ ಪುಟ್ಟ ಜರಡಿ. ಉತ್ತರ ನನಗೆ ಗೊತ್ತಿರಲಿಲ್ಲ. ಒಂದು ವಾರ ಅಪ್ಪನನ್ನು ನೋಡಿದೆ. ಬಾಡಿಗೆ ಇಲ್ಲದ ದಿನ ಅವನು ಆಟೊದ ಗಾಜು ಒರೆಸುತ್ತಾನೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾನೆ. ಅದನ್ನು ಬರೆದು ದುಃಖ ಅನ್ನುವ ಪದವನ್ನು ನಾಲ್ಕೂ ಕಡೆ ಹೊಡೆದುಹಾಕಿದೆ. ಮುಂದಿನ ಕಟ್ಟಿನಲ್ಲಿ ಪ್ರಶ್ನೆ ಇರಲಿಲ್ಲ. ಗಾಜಿನ ವಾಕ್ಯದ ಪಕ್ಕ ಒಂದು ಪೆನ್ಸಿಲ್ ಗೆರೆ ಇತ್ತು. ನಿನಗೆ ಬರೆಯುವುದನ್ನು ಕಲಿಸಿದವರು ಯಾರು ಅಂತ ಯಾರಾದರೂ ಕೇಳಿದರೆ ನಾನು ಸಂಸ್ಥೆಯ ಹೆಸರು ಹೇಳುವುದಿಲ್ಲ, ಜರಡಿ ಅನ್ನುತ್ತೇನೆ.

ಜರಡಿ ಹುಡುಗಿ ಅಂತ ಅವಳ ಬರಹದಿಂದಲೇ ತಿಳಿಯಿತು. ಅವಳು ಕಂತುಗಳಲ್ಲಿ ಬರೆಯುತ್ತಿದ್ದಳು. ಅವಳ ಅವ್ವ ಮತ್ತು ಅಕ್ಕ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವವರು. ಬೆಳಗಿನ ಜಾವ ಹಾಸಿಗೆಯಲ್ಲೇ ಇದ್ದು, ಬಡಿಯುವ ಸದ್ದಿನಿಂದ ಇದು ಅವ್ವ, ಇದು ಅಕ್ಕ ಅಂತ ಹೇಳಬಲ್ಲೆ ಅನ್ನುವಲ್ಲಿಂದ ಮೊದಲ ಕಂತು ಶುರುವಾಗಿತ್ತು. ಎರಡನೆಯದರಲ್ಲಿ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದು ಉಂಡು, ರೊಟ್ಟಿ ಎಷ್ಟು ತೆಳ್ಳಗೆ ಅಂತ ಹೊಗಳಿದರು. ಮೂರನೆಯದು ನಿಶ್ಚಯ. ನಾಲ್ಕನೆಯದರಲ್ಲಿ ಅಪ್ಪ, ಅಕ್ಕ ಗಂಡಿನ ಊರಿಗೆ ಹೋಗಿ ಅವತ್ತೇ ಸಂಜೆ ವಾಪಸು ಬಂದರು, ಸಂಬಂಧ ಮುರಿದಿತ್ತು. ಯಾಕೆ ಅಂತ ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮರುದಿನ ಹಾಸಿಗೆಯಲ್ಲಿ ಕಿವಿಗೊಟ್ಟು ಕೇಳಿದರೆ, ಬಡಿಯುತ್ತಿರುವುದು ಅವ್ವನೋ ಅಕ್ಕನೋ ಅಂತ ಅವಳಿಗೆ ಗುರುತು ಹತ್ತಲಿಲ್ಲ. ಐದನೆಯದು ಪೂರ್ತಿ ಓಣಿಯವರ ಮಾತು. ಆರನೆಯದರ ಕೊನೆಯಲ್ಲಿ, ಹೊಳೆಯ ದಂಡೆಯಲ್ಲಿ ಅಕ್ಕ ಅಪ್ಪನಿಗೆ ಒಂದು ಮಾತು ಹೇಳುತ್ತಾಳೆ. ಅಪ್ಪ ಅಲ್ಲೇ ಕಲ್ಲಿನ ಮೇಲೆ ಕೂತುಬಿಡುತ್ತಾನೆ. ಆ ಮಾತು ಏನೆಂದು ಜರಡಿ ಕೇಳಿಸಿಕೊಂಡಿದ್ದಳು. 'ಅದನ್ನು ಏಳನೇ ಕಂತಿನಲ್ಲಿ ಬರೆಯುತ್ತೇನೆ. ಬರೆಯುವುದೋ ಬೇಡವೋ ಇನ್ನೂ ತಿಳಿದಿಲ್ಲ' ಅಂತ ನಿಲ್ಲಿಸಿದ್ದಳು.

ಆರು ಕಂತಿನಲ್ಲಿ ಅಕ್ಕ ಒಂದು ಸಲವೂ ಅಳುವುದಿಲ್ಲ.

ಅಕ್ಕ ಏನಂದಳು ಅಂತ ಕೇಳಲು ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತಿದ್ದೆ. ಕೇಳಲಿಲ್ಲ. 'ಅದನ್ನು ಬರೆದರೆ ನಿಮಗೆ ತೊಂದರೆ ಆಗುತ್ತಾ?' ಅಂತ ಬರೆದು, ಕೆಳಗೆ ಇಕ್ಕಳ ಬಿಡಿಸಿ, ಕಟ್ಟಿಗೆ ಸೇರಿಸಿದೆ.

ಆ ಕಟ್ಟು ಬಿಚ್ಚದೆ ವಾಪಸು ಬಂತು. ಮಾರ್ಚ್ ಮೊದಲ ಭಾನುವಾರ ಅಣ್ಣ ಅದನ್ನು ಜಮಖಾನೆಯ ಮೇಲೆ ಒಗೆದು ಕೂತ.

"ಹರಿಹರ ಬಂದ್ ಆತ್ರಪ್ಪ. ಕೋಣೆ ಖಾಲಿ ಮಾಡ್ಯಾರೆ."

"ಯಾಕಣ್ಣಾ?"

"ಹಾಜರಿ ಸಾಲಲ್ಲ, ಬಾಡಿಗಿ ದಂಡ ಅಂದ್ರಂತೆ ಮ್ಯಾಲಿನೋರು. ಬೀಗ ನೋಡಿದ ಮ್ಯಾಲೇ ನಂಗೂ ಗೊತ್ತಾಗಿದ್ದು."

"ಅಲ್ಲಿಯೋರಿಗೆ ಹೇಳಿದ್ರಾ?"

"ಹೆಂಗ್ ಹೇಳ್ತಾರೋ? ಹಾಳಿ ಮ್ಯಾಲೆ ಬರೇ ಸೌಟು, ಜರಡಿ, ಲಟ್ಟಣಿಗೆ. ಯಾವ್ದು ಯಾರ್ದು ಅಂತ ಕಟ್ಟು ಒಯ್ಯೋ ನಂಗೂ ಗೊತ್ತಿಲ್ಲ. ಲಟ್ಟಣಿಗಿಗೆ ಫೋನ್ ಮಾಡಾಕೆ ಬರ್ತೈತಾ?"

ಎಲ್ಲರೂ ನಕ್ಕರು. ಮೇಡಂ ಕಟ್ಟನ್ನು ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಮುಂದಿನ ಎರಡು ಭಾನುವಾರ ಬಿಟ್ಟು ಮೂರನೆಯದಕ್ಕೆ ನಾನೇ ಹರಿಹರಕ್ಕೆ ಹೋದೆ. ಅಲ್ಲಿಯ ಕೋಣೆ ಒಂದು ಟೇಲರ್ ಅಂಗಡಿಯ ಮೇಲಿತ್ತು. ಬೋರ್ಡು ಕಿತ್ತಿದ್ದರು, ಗೋಡೆಯಲ್ಲಿ ಮೊಳೆಯ ತೂತುಗಳಿದ್ದವು. ಟೇಲರ್ ವಯಸ್ಸಾದವನು, ಮಷಿನ್ ತುಳಿಯುತ್ತಲೇ ಇದ್ದ.

"ಮ್ಯಾಲೆ ಬರೆಯೋ ಕ್ಲಾಸ್ ಇತ್ತಲ್ರಿ, ಅಲ್ಲಿಗೆ ಬರ್ತಿದ್ದೋರು ಯಾರಾದ್ರೂ ಗೊತ್ತೇನ್ರಿ?"

"ಯಾರು ಬೇಕಾಗಿತ್ತು?"

"ಒಬ್ರಿಗೆ ಒಂದು ಮಾತು ಹೇಳೋದಿತ್ತು."

"ಹುಡುಗನೋ, ಹುಡುಗೀನೋ?"

"ಹುಡುಗಿ ರೀ." ಮಷಿನ್ ನಿಂತಿತು.

"ಹೆಸರೇನು ಆಕಿದು?"

"ಗೊತ್ತಿಲ್ರಿ."

"ಹೆಸರು ಗೊತ್ತಿಲ್ಲ, ದಿಕ್ಕು ಗೊತ್ತಿಲ್ಲ, ದಾವಣಗೇರಿಂದ ಬಸ್ ಹತ್ತಿ ಬಂದೀಯ! ಭೇಷ್ ಐತೆ ಬಿಡಪ್ಪ ನಿನ್ ಕಥಿ." ಕತ್ತರಿ ಕೆಳಗಿಟ್ಟು ದನಿ ಇಳಿಸಿದ. "ಒಂದು ಹುಡುಗಿ ಬಂದಿತ್ತು. ಎರಡು ವಾರ ಬಂತು. ಕೈಯಾಗೆ ಹಾಳಿ ಇದ್ವು. ಬೀಗ ನೋಡಿ ಮೆಟ್ಲ ಮ್ಯಾಲೆ ಒಂದೀಟು ಹೊತ್ತು ಕುಂತು ಎದ್ದು ಹೋತು. ಯಾರ ಮನೀದು ಅಂತ ನಂಗೊತ್ತೈತೆ ಅಂತ್ಲೇ ಇಟ್ಕ. ನಿಂಗ್ಯಾಕ ಹೇಳ್ಲಿ? ಯಾವನೋ ಹುಡುಕ್ತಾ ಬಂದಿದ್ದ ಅಂತ ಓಣ್ಯಾಗೆ ಮಾತು ಎದ್ರೆ ಆ ಹುಡುಗಿ ಗತಿ ಏನು? ಹೋಗು, ಚಾ ಕುಡ್ದು ಬಸ್ ಹತ್ತು."

ಅವನು ಹೇಳಿದ್ದು ಸರಿಯಿತ್ತು. ಸಂಬಂಧ ಮುರಿದ ಮನೆಯ ಓಣಿಗೆ ಹೋಗಿ, ಖಾನಾವಳಿಗೆ ರೊಟ್ಟಿ ಕೊಡುವವರ ಮನೆ ಯಾವುದು ಅಂತ ನನ್ನಂಥವನು ಕೇಳಬಾರದು. ಚಹಾ ಕುಡಿಯದೆ ಬಸ್ ಹತ್ತಿದೆ. ಕೈಯಲ್ಲಿ ಹಾಳೆ ಇದ್ದವು ಅಂದಿದ್ದ. ಅದು ಜರಡಿಯೇ ಅಂತ ನಾನು ನಂಬಿದೆ. ಅಂದರೆ ಏಳನೇ ಕಂತು ಬರೆದಾಗಿತ್ತು. ನನ್ನ ಪ್ರಶ್ನೆ ಅವಳಿಗೆ ತಲುಪುವ ಮೊದಲೇ ಅವಳು ಬರೆಯುವುದೆಂದು ತೀರ್ಮಾನಿಸಿ, ಮೆಟ್ಟಿಲು ಹತ್ತಿ ಬಂದಿದ್ದಳು.

ನವೆಂಬರಿನಲ್ಲಿ ದಾವಣಗೆರೆಯ ಒಂದು ಸಭಾಂಗಣದಲ್ಲಿ ಸಂಸ್ಥೆಯ ಪುಸ್ತಕ ಬಿಡುಗಡೆಯಾಯಿತು. ಹರಿಹರದ ಕೋಣೆಯ ಬಾಡಿಗೆಗೆ ಗತಿ ಇಲ್ಲದವರು ವೇದಿಕೆಗೆ ಹೂವಿನ ಕಮಾನು ಕಟ್ಟಿಸಿದ್ದರು. ಪುಸ್ತಕದ ಮೊದಲ ಬರಹವೇ ಜರಡಿಯದು. ಕೆಳಗೆ 'ಸಾಮೂಹಿಕ ರಚನೆ' ಅಂತಿತ್ತು. ರೊಟ್ಟಿ, ಖಾನಾವಳಿ, ಹೊಳೆಯ ದಂಡೆ, ಮುರಿದ ನಿಶ್ಚಯ, ಎಲ್ಲ ಇದ್ದದ್ದು ಇದ್ದ ಹಾಗೆ. ಕಂತುಗಳು ಮಾತ್ರ ಏಳು.

ಏಳನೆಯದು ಸಿಗುವವರೆಗೆ ಪುಟ ತಿರುಗಿಸಿದೆ. ಅವಳು ಹೇಗೋ ತಲುಪಿಸಿದ್ದಾಳೆ ಅಂದುಕೊಂಡೆ. ಅಷ್ಟರಲ್ಲಿ ಮುಖ್ಯ ಅತಿಥಿಗಳು ಅದೇ ಭಾಗವನ್ನು ಮೈಕಿನಲ್ಲಿ ಓದತೊಡಗಿದರು. ಅಕ್ಕ ಕಣ್ಣೀರು ಒರೆಸಿಕೊಂಡಳು. 'ಅಪ್ಪಾ, ನಾನು ಓದುತ್ತೇನೆ, ಬರೆಯುತ್ತೇನೆ, ನನ್ನ ಕಾಲ ಮೇಲೆ ನಾನು ನಿಲ್ಲುತ್ತೇನೆ' ಎಂದಳು. ಅಪ್ಪನ ಕಣ್ಣುಗಳಲ್ಲಿ ಹೆಮ್ಮೆ ಹೊಳೆಯಿತು. ಸಭಾಂಗಣ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದ ಅಣ್ಣನೂ ತಟ್ಟಿ, ನನ್ನ ಮುಖ ನೋಡಿ ನಿಲ್ಲಿಸಿದ.

ಉಪ್ಪಿಟ್ಟಿನ ಸಾಲಿನಲ್ಲಿ ಮೇಡಂ ಸಿಕ್ಕರು.

"ಏಳನೇ ಕಂತು ಬಂದಿತ್ತೇನ್ರಿ ಮೇಡಂ?"

"ಎಲ್ಲಿ ಬಂತಪ್ಪ? ನಾವೇ ಮುಗಿಸಿದ್ವಿ. ಅರ್ಧಕ್ಕೆ ನಿಂತಿದ್ದನ್ನ ಪುಸ್ತಕದಲ್ಲಿ ಹೆಂಗೆ ಹಾಕೋದು?"

"ಒಂದಕ್ಷರಾನೂ ತಿದ್ದಂಗಿಲ್ಲ ಅಂದಿದ್ರಿ."

"ತಿದ್ದಿಲ್ವಲ್ಲ. ಸೇರಿಸಿದ್ದು."

"ಅವರನ್ನ ಕೇಳ್ದೆ?"

"ಯಾರನ್ನ ಅಂತ ಕೇಳ್ಲಿ, ನೀನೇ ಹೇಳು. ಹೆಸರೇ ಇಲ್ಲ." ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿ ನನ್ನ ಭುಜ ಮುಟ್ಟಿದರು. "ಅಂಚಿನಲ್ಲಿ ಇಕ್ಕಳದ ಪ್ರಶ್ನೆ ನೋಡಿದೆ. ಅದು ನೀನೇ ಅಲ್ಲಾ? ಬರೆದರೆ ತೊಂದರೆ ಆಗುತ್ತಾ ಅಂತ ಕೇಳಿದ್ದೆ. ಅದಕ್ಕೇ ಯಾರಿಗೂ ತೊಂದರೆ ಆಗದಂಥ ಕೊನೆ ಕೊಟ್ವಿ. ನಿನ್ನಿಂದ ಹೊಳೆದಿದ್ದು ನೋಡು. ಉಪ್ಪಿಟ್ಟು ತಗೋ."

ತಟ್ಟೆ ತೆಗೆದುಕೊಳ್ಳದೆ ಸಾಲಿನಿಂದ ಹೊರಬಂದೆ. ಬಾಯಿಬಿಟ್ಟು ಹೇಳಲು ಬಂದಿದ್ದರೆ ಆ ಸಂಸ್ಥೆಗೆ ಸೇರುತ್ತಲೇ ಇರಲಿಲ್ಲವೇನೋ. ಅವತ್ತಿನಿಂದ ಆ ಕಡೆ ಹೋಗಿಲ್ಲ. ಮೇಡಂ ಕೆಟ್ಟವರಲ್ಲ ಅಂತ ಅಣ್ಣ ಈಗಲೂ ವಾದಿಸುತ್ತಾನೆ. ಇರಬಹುದು. ಆದರೆ ಹರಿಹರದ ಒಂದು ಓಣಿಯಲ್ಲಿ ಆ ಪುಸ್ತಕ ಯಾರ ಕೈಗಾದರೂ ಸಿಕ್ಕರೆ, ಇದು ಯಾರ ಮನೆ ಅಂತ ಮೂರನೇ ಪುಟಕ್ಕೇ ತಿಳಿಯುತ್ತದೆ. ಆ ಅಪ್ಪ ಓದಿದರೆ, ಮಗಳು ಎಂದೂ ಆಡದ ಮಾತು ಅಲ್ಲಿರುತ್ತದೆ. ಅವಳು ಆಡಿದ ಮಾತು ಎಲ್ಲೂ ಇಲ್ಲ. ಹೆಸರು ಅಡಗಿಸುವ ನಿಯಮ ಮಾಡಿದ್ದು ಹುಡುಗಿಯರನ್ನು ಕಾಪಾಡಲು. ಅದರಿಂದ ಕಾಪಾಡಿಕೊಂಡವರು ಬೇರೆಯವರು.

ದಿನಚರಿಯ ಲೆಕ್ಕ ಹೀಗಿದೆ: ಜರಡಿ ನನಗೆ ಕೇಳಿದ ಪ್ರಶ್ನೆ ಹದಿನೇಳು, ನಾನು ಅವಳಿಗೆ ಕೇಳಿದ್ದು ಹನ್ನೊಂದು. ಹನ್ನೊಂದನೆಯದನ್ನು ಅವಳು ಓದಲೇ ಇಲ್ಲ. ಅದಕ್ಕೆ ಉತ್ತರ ಕೊಟ್ಟವರು ಮೇಡಂ.

ಕಳೆದ ತಿಂಗಳು ಮತ್ತೊಮ್ಮೆ ಹರಿಹರಕ್ಕೆ ಹೋಗಿದ್ದೆ, ಪುಸ್ತಕದ ಸುದ್ದಿಯನ್ನಾದರೂ ಟೇಲರ್ ಕಿವಿಗೆ ಹಾಕೋಣ ಅಂತ. ಅವನ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅವನು ಎಲ್ಲಿ ಹೋದ ಅಂತ ಅವರಿಗೆ ಗೊತ್ತಿಲ್ಲ.

ಇದನ್ನು ಬರೆಯುವಾಗ ಅವಳ ಮನೆಯ ಎರಡು ಸಂಗತಿ ಬದಲಿಸಿದ್ದೇನೆ. ಯಾವುವೆಂದು ಜರಡಿಗೆ ತಿಳಿಯುತ್ತದೆ. ಓದಿದವರಲ್ಲಿ ಯಾರಿಗಾದರೂ ಅವಳು ಗೊತ್ತಿದ್ದರೆ, ಹೆಸರು ಬರೆಯಬೇಡಿ, ಓಣಿ ಬರೆಯಬೇಡಿ. ಆ ಪುಸ್ತಕದ ಏಳನೇ ಕಂತು ಅವಳದ್ದಲ್ಲ ಅಂತ ದಾವಣಗೆರೆಯಲ್ಲಿ ಒಬ್ಬನಿಗೆ ಗೊತ್ತಿದೆ ಎಂದು ಅವಳಿಗೆ ತಿಳಿಸಿ. ತಿಳಿಸಿದ್ದೇವೆ ಅಂತ ಒಂದು ಸಾಲನ್ನು, ಇದನ್ನು ಅಚ್ಚು ಮಾಡಿದವರ ವಿಳಾಸಕ್ಕೆ ಬರೆದು ಹಾಕಿ. ಅವಳು ತನ್ನ ಏಳನೇ ಕಂತಿನ ಹಾಳೆಗಳನ್ನು ಹರಿದು ಒಲೆಗೆ ಹಾಕಿದ್ದರೆ, ಅದನ್ನೂ ಬರೆಯಿರಿ.